ಶಶಿರೇಖಾ ಬರ್ತಾಳಂತೆ

ಉಮಾಶಂಕರ್ ಮೇಷ್ಟ್ರು ಸುದ್ದಿ ತಂದಾಗ ಗೋಪಾಲಪ್ಪ ಹಾಲು ಕರೆಯುತ್ತ ಕೂತಿದ್ದ. ಡೈರಿ ಮುಚ್ಚುವ ಹೊತ್ತು ಹತ್ತಿರವಾಗಿದ್ದರಿಂದ ಅವನ ಹೆಂಡತಿ ಅಕ್ಕಯಮ್ಮ ಕ್ಯಾನು ಹಿಡಿದು ಕೊಟ್ಟಿಗೆಯ ಬಾಗಿಲಲ್ಲೇ ನಿಂತಿದ್ದಳು. ಮೇಷ್ಟ್ರು ಬೈಕಿನಿಂದ ಇಳಿಯುವಷ್ಟೂ ತಾಳ್ಮೆಯಿಲ್ಲದೆ ಅಲ್ಲಿಂದಲೇ ಕೂಗಿದರು.

"ಗೋಪಾಲಣ್ಣ, ಪತ್ತೆ ಆದ್ರು ಕಣಣ್ಣ! ಶಶಿರೇಖಾ ಅಮ್ಮನವ್ರು! ನೆಲಮಂಗಲದಾಗೆ ಮಗಳ ಮನೇಲವ್ರೆ. ಫೋನ್‌ನಾಗೆ ಮಾತಾಡ್ದೆ. ಬರ್ತೀನಿ ಅಂದ್ಬಿಟ್ರು."

ಬಕೆಟ್ಟಿಗೆ ಬೀಳುತ್ತಿದ್ದ ಹಾಲಿನ ಸದ್ದು ನಿಂತುಹೋಯಿತು. ಹಸುವೇ ಕತ್ತು ತಿರುಗಿಸಿ ನೋಡಿತು. ಒಂದು ಕ್ಷಣ, ಅಷ್ಟೇ. ಮತ್ತೆ ಸರ್ ಸರ್ ಅಂತ ಹಾಲು ಬೀಳತೊಡಗಿತು, ಮೊದಲಿಗಿಂತ ಜೋರಾಗಿ. ಮೇಷ್ಟ್ರು ಅದನ್ನು ಗಮನಿಸಲಿಲ್ಲ. ಅಕ್ಕಯಮ್ಮ ಗಮನಿಸಿದಳು. ಆರಿಹೋಗಿದೆ ಅಂದುಕೊಂಡಿದ್ದ ಕೆಂಡವನ್ನು ಯಾರೋ ಊದಿದ ಹಾಗಾಯಿತು ಅವಳಿಗೆ.

"ಬರ್ಲಿ ಬಿಡಿ ಮೇಷ್ಟ್ರೆ, ಒಳ್ಳೇದಾಯ್ತು," ಅಂದ ಗೋಪಾಲಪ್ಪ, ಹಸುವಿನ ಹೊಟ್ಟೆಗೆ ಮುಖ ಮರೆಸಿಕೊಂಡೇ.

ಸೂಲಿಬೆಲೆಯ ಮಗ್ಗುಲಿನ ಆ ಹಳ್ಳಿಯ 'ಬೆಳ್ಳಿಚುಕ್ಕಿ ಕಲಾ ಸಂಘ'ಕ್ಕೆ ಈ ವರ್ಷ ನಲವತ್ತು ತುಂಬುತ್ತಿತ್ತು. ಹಿಂದೆ ಆಡಿದ ನಾಟಕಗಳನ್ನೆಲ್ಲ ಒಮ್ಮೆ ನೆನೆಯಬೇಕು ಅಂತ ಕಾರ್ಯದರ್ಶಿ ಉಮಾಶಂಕರ್ ಹಟ ಹಿಡಿದಿದ್ದರು. ಹೈಸ್ಕೂಲ್ ಮೇಷ್ಟ್ರು ಅವರು. ಚಿಕ್ಕಂದಿನಲ್ಲಿ ಆ ನಾಟಕಗಳನ್ನು ಮುಂದಿನ ಸಾಲಿನಲ್ಲಿ ಗೋಣಿಚೀಲ ಹಾಸಿಕೊಂಡು ನೋಡಿ ಬೆಳೆದವರು. ಸಮುದಾಯ ಭವನದ ಗೋಡೆಯ ತುಂಬ ಹಳೇ ಫೋಟೋ ಹಾಕುವುದು, ಆಯ್ದ ಕೆಲವು ದೃಶ್ಯಗಳನ್ನು ಮತ್ತೆ ಆಡಿಸುವುದು, ಹಳಬರಿಗೆ ಶಾಲು ಹೊದಿಸುವುದು, ಇದು ಅವರ ಏರ್ಪಾಡು. ಕೊನೆಯ ದೃಶ್ಯ ಯಾವುದು ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. 'ಅರಿಶಿನದ ಅಂಗಳ' ನಾಟಕದ ಬೀಳ್ಕೊಡುಗೆ. ತಮ್ಮ ಮಾಡಿದ ತಪ್ಪನ್ನು ತಲೆ ಮೇಲೆ ಹೊತ್ತು ಜೈಲಿಗೆ ಹೊರಟ ಗಂಡ, ಹೊಸಿಲಲ್ಲಿ ನಿಂತ ಹೊಸ ಹೆಂಡತಿ. ಗಂಡ ಗೋಪಾಲಪ್ಪ. ಹೆಂಡತಿ ಶಶಿರೇಖಾ.

ಆ ಕಾಲದಲ್ಲಿ ಊರಿನ ಹೆಂಗಸರು ಯಾರೂ ರಂಗದ ಮೇಲೆ ಕಾಲಿಡುತ್ತಿರಲಿಲ್ಲ. ಕಾಲಿಡುತ್ತೇನೆ ಅಂದಿದ್ದರೆ ಮನೆಯೊಳಗೆ ಬಿಟ್ಟುಕೊಳ್ಳುವವರೂ ಇರಲಿಲ್ಲ. ಹೆಣ್ಣುಪಾತ್ರಕ್ಕೆ ಬೆಂಗಳೂರಿನಿಂದ ಕಲಾವಿದೆಯರನ್ನು ಕರೆಸುತ್ತಿದ್ದರು. ಬೇರೆಯವರೂ ಬಂದು ಹೋದರು, ಆದರೆ ವರ್ಷವರ್ಷವೂ ಬಿಡದೆ ಬಂದವಳು ಶಶಿರೇಖಾ. 'ಗೌಡರ ಗಡಿಯಾರ'ದಲ್ಲಿ ಗೌಡರ ಮಗಳು, 'ಮೂರನೇ ಬಾಗಿಲು' ನಾಟಕದಲ್ಲಿ ಕುರುಡಿ, 'ಅರಿಶಿನದ ಅಂಗಳ'ದಲ್ಲಿ ಆ ಹೊಸ ಹೆಂಡತಿ. ಎಲ್ಲದರಲ್ಲೂ ಅವಳ ಎದುರಿಗೆ ಗೋಪಾಲಪ್ಪನೇ. ಊರಿನಲ್ಲಿ ಅವನಷ್ಟು ಎತ್ತರದವನು, ಗುಂಗುರು ಕೂದಲಿನವನು, ಕಂಠ ಇದ್ದವನು ಇನ್ನೊಬ್ಬ ಇರಲಿಲ್ಲ.

ನಾಟಕಕ್ಕೆ ಮುಂಚೆ ಟ್ರಯಲ್ಲಿಗೆ ಅಂತ ಶಶಿರೇಖಾ ಬಂದು ಉಳಿಯುತ್ತಿದ್ದುದೂ ಗೋಪಾಲಪ್ಪನ ಮನೆಯಲ್ಲೇ. ಕೊಟ್ಟಿಗೆಗೆ ಅಂಟಿಕೊಂಡಂತೆ ರೇಷ್ಮೆಹುಳದ ಮನೆಯಿತ್ತು. ಹುಳು ಸಾಕಣೆ ಇಲ್ಲದಾಗ ಅದನ್ನು ಗುಡಿಸಿ ಸಾರಿಸಿ ಅವಳಿಗೆ ಬಿಟ್ಟುಕೊಡುತ್ತಿದ್ದರು. ಗುಡಿಸುತ್ತಿದ್ದವಳು ಅಕ್ಕಯಮ್ಮ. ಬಿಸಿನೀರು ಕಾಯಿಸಿಟ್ಟು, ಮುದ್ದೆ ತಿರುವಿ, ಅವರೆಕಾಳು ಸಾರು ಬಡಿಸುತ್ತಿದ್ದವಳೂ ಅವಳೇ. ಬಡಿಸುವಾಗ ಕಣ್ಣೆತ್ತಿ ನೋಡುತ್ತಿದ್ದಳು. ಎಣ್ಣೆ ಬಣ್ಣ ಹಚ್ಚದೆಯೂ ಹೊಳೆಯುವ ಮುಖ, ಊಟ ಮಾಡುತ್ತಲೇ ನಗುವ ಆ ನಗು. ಅತ್ತೆ ಅಂತೂ "ಪಾಪ, ನಮ್ಮ ಮನೆ ಮಗಳಿದ್ದಂಗೆ" ಅನ್ನುತ್ತಿದ್ದಳು. ಅಕ್ಕಯಮ್ಮನಿಗೆ ಹಾಗೆ ಅನ್ನಿಸಿದ್ದಿಲ್ಲ. ಶಶಿರೇಖಾ ಉಳಿದ ಅಷ್ಟೂ ರಾತ್ರಿ ಅವಳು ಚಾಪೆ ಹೊತ್ತುಕೊಂಡು ಹೋಗಿ ರೇಷ್ಮೆಹುಳದ ಮನೆ ಬಾಗಿಲಿಗೆ ಅಡ್ಡಲಾಗಿ ಮಲಗುತ್ತಿದ್ದಳು. ಕೇಳಿದವರಿಗೆ "ಒಳಗೆ ಸೆಕೆ" ಅನ್ನುತ್ತಿದ್ದಳು. ಗಂಡ ಕೊಟ್ಟಿಗೆ ಕಡೆ ಒಂದು ಹೆಜ್ಜೆ ಇಟ್ಟರೂ ತನಗೆ ತಿಳಿಯಬೇಕು ಅನ್ನುವುದು ಅವಳ ಲೆಕ್ಕ. ಗೋಪಾಲಪ್ಪ ಒಂದು ರಾತ್ರಿಯೂ ಬರಲಿಲ್ಲ. ಬರಲಿಲ್ಲ ಅಂದಮಾತ್ರಕ್ಕೆ ಅವಳಿಗೆ ನಿದ್ದೆ ಬಂತು ಅಂತಲ್ಲ.

ಇದಕ್ಕಿಂತ ಹೆಚ್ಚು ಉರಿ ಎಬ್ಬಿಸುತ್ತಿದ್ದ ಸಂಗತಿ ಇನ್ನೊಂದಿತ್ತು. ಶಶಿರೇಖಾ ಬರುವ ಮುಂಚೆ ಗೋಪಾಲಪ್ಪ ಮನೆಯಲ್ಲಿ ಮಾತು ಬಾಯಿಪಾಠ ಮಾಡಬೇಕಲ್ಲ, ಆಗ ಎದುರು ಮಾತು ಕೊಡುತ್ತಿದ್ದವಳು ಅಕ್ಕಯಮ್ಮ. ಏಳನೇ ಕ್ಲಾಸ್ ಓದಿದವಳು, ಒಲೆ ಮುಂದೆ ಕೂತು, ಬರೆದುಕೊಂಡ ಹಾಳೆ ಹಿಡಿದು, "ಹೋಗುವುದಾದರೆ ಬಾಗಿಲು ಎಳೆದುಕೊಂಡು ಹೋಗಿ. ತೆರೆದ ಬಾಗಿಲಲ್ಲಿ ನಿಂತು ನಿಮ್ಮ ಬೆನ್ನು ನೋಡುವ ಶಕ್ತಿ ನನಗಿಲ್ಲ" ಅಂತ ಓದುತ್ತಿದ್ದಳು. ಅದಕ್ಕೆ ಗೋಪಾಲಪ್ಪ ಗೋಡೆ ನೋಡಿಕೊಂಡು, "ಬೆನ್ನು ನೋಡಬೇಡ. ನಾನು ಹಿಂದೆ ಹಿಂದೆ ಹೆಜ್ಜೆ ಇಡುತ್ತೇನೆ, ಬೀದಿಯ ತಿರುವಿನ ತನಕ ನಿನ್ನ ಮುಖ ನೋಡುತ್ತಲೇ ಹೋಗುತ್ತೇನೆ" ಅನ್ನುತ್ತಿದ್ದ. ಗೋಡೆಯಲ್ಲಿ ಕ್ಯಾಲೆಂಡರು ಮಾತ್ರ ಇತ್ತು. ಅದೇ ಮಾತನ್ನು ರಂಗದ ಮೇಲೆ ಶಶಿರೇಖಾಳ ಕಣ್ಣಲ್ಲಿ ಕಣ್ಣಿಟ್ಟು ಹೇಳುವಾಗ ಊರಿಗೆ ಊರೇ ಸೀಟಿ ಹೊಡೆಯುತ್ತಿತ್ತು. ಅಕ್ಕಯಮ್ಮ ಆ ಹೊತ್ತಿಗೆ ಎದ್ದು ಹಸುಗೂಸಿನ ನೆಪ ಹೇಳಿ ಮನೆಗೆ ಬಂದುಬಿಡುತ್ತಿದ್ದಳು. ಮಗು ದೊಡ್ಡದಾದ ಮೇಲೆ ತಲೆನೋವಿನ ನೆಪ.

ಸೀರೆಯದಂತೂ ಹೇಳುವುದೇ ಬೇಡ. ಒಂದು ವರ್ಷ ವೇಷಭೂಷಣದ ಟ್ರಂಕು ಬರುವ ಬಸ್ಸು ದಾರಿಯಲ್ಲೇ ಕೆಟ್ಟು ನಿಂತಿತು. ಹೊಸ ಹೆಂಡತಿಗೆ ಸೀರೆಯಿಲ್ಲ. ಅತ್ತೆ ಒಳಗೆ ಹೋದವಳೇ ಅಕ್ಕಯಮ್ಮನ ಧಾರೆ ಸೀರೆ ತೆಗೆದು ಕೊಟ್ಟುಬಿಟ್ಟಳು. ಹೊಸಿಲಿಗೆ ಬಂದು ಅಕ್ಕಯಮ್ಮ ಬೇಡ ಅನ್ನುವಷ್ಟರಲ್ಲಿ ಸೀರೆ ಹೋಗಿತ್ತು. ಮರುದಿನ ಅದು ವಾಪಸ್ಸು ಬಂದಾಗ ಸೆರಗಿನ ಅಂಚಿಗೆ ಕೆಂಪು ಬಣ್ಣ ಮೆತ್ತಿಕೊಂಡಿತ್ತು. ಸೀಗೆಕಾಯಿಗೂ ಹೋಗಲಿಲ್ಲ, ಸೋಪಿಗೂ ಹೋಗಲಿಲ್ಲ. ಅಂದಿನಿಂದ ಅವಳು ಅದನ್ನು ಉಟ್ಟಿರಲಿಲ್ಲ.

ಈಗ ಈ ವಯಸ್ಸಿಗೆ, ಮೊಮ್ಮಗಳು ಕಾಲೇಜಿಗೆ ಹೋಗುವ ಕಾಲಕ್ಕೆ, ಅದೇ ಶಶಿರೇಖಾ ಮತ್ತೆ ಬರುತ್ತಾಳಂತೆ.

ಗೋಪಾಲಪ್ಪ ಮಾರನೇ ದಿನವೇ ಸೂಲಿಬೆಲೆಗೆ ಹೋಗಿ ಮೀಸೆಗೆ ಬಣ್ಣ ಹಾಕಿಸಿಕೊಂಡು ಬಂದ. ಆಮೇಲೆ ಹೊಸಕೋಟೆಯಿಂದ ತಿಳಿನೀಲಿ ಶರ್ಟು ಬಂತು. ಮೊಳಕಾಲು ನೋವು ಅಂತ ಮೂಲೆಯಲ್ಲಿ ಕೂರುತ್ತಿದ್ದವನು ಅಂಗಳದಲ್ಲಿ ಹಿಂದೆ ಹಿಂದೆ ಹೆಜ್ಜೆ ಇಟ್ಟು ಅಭ್ಯಾಸ ಮಾಡತೊಡಗಿದ. ಒಂದು ಸಲ ಕಲ್ಲುಚಪ್ಪಡಿಗೆ ತಾಗಿ ಬೀಳುವುದರಲ್ಲಿದ್ದ.

ಸೊಸೆ ಮಾನಸ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದಳು. ಶಿಫ್ಟು ಮುಗಿಸಿಕೊಂಡು ಬಂದವಳು ಮಾವ ಹಿಂದೆ ಹಿಂದೆ ನಡೆಯುವುದನ್ನು ನೋಡಿ ನಕ್ಕಳು.

"ಅತ್ತೆ, ನೀವ್ ಯಾಕೆ ಮುಖ ಊದಿಸ್ಕೊಂಡಿದ್ದೀರ? ಜೆಲಸ್ಸಾ?"

"ಯಾವ ಲೆಸ್ಸೂ ಇಲ್ಲ. ಅವರೆಕಾಯಿ ಸುಲಿ ಬಾ."

ಆ ವಾರದಲ್ಲೇ ಗೋಪಾಲಪ್ಪ ಅಡುಗೆಮನೆ ಬಾಗಿಲಿಗೆ ಬಂದು ನಿಂತ. ಕೈಯಲ್ಲಿ ಮೇಷ್ಟ್ರು ಟೈಪ್ ಮಾಡಿಸಿ ಕೊಟ್ಟ ಹಾಳೆ.

"ಒಂದ್ಸಲ ಎದುರು ಮಾತು ಕೊಡು. ನಿಂಗೆ ಹಾಳೇನೂ ಬೇಕಾಗಿಲ್ಲ, ಎಲ್ಲಾ ಬಾಯಿಗೆ ಬರ್ತದಲ್ಲ."

"ನಂಗೆಲ್ಲಿ ಬರ್ತದೆ? ಮರ್ತೋಯ್ತು."

"ಸುಳ್ಳು ಹೇಳ್ಬೇಡ."

"ನಿನ್ ಶಶಿರೇಖಾ ಬರ್ತಾಳಲ್ಲ, ಅವಳ್ನೇ ಕೇಳು."

ಅವನು ಹೊರಗೆ ಹೋಗಿ ಮಾನಸಳ ಕೈಗೆ ಹಾಳೆ ಕೊಟ್ಟ. ಸೊಸೆ ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿಕೊಟ್ಟಳು. ಅಡುಗೆಮನೆಗೆ ಆ ಮೊಬೈಲಿನ ಧ್ವನಿ, ಅದಕ್ಕೆ ಗೋಪಾಲಪ್ಪನ ಉತ್ತರ ಎರಡೂ ಕೇಳುತ್ತಿದ್ದವು. ಸೊಸೆ 'ಶಕ್ತಿ' ಅನ್ನುವಲ್ಲಿ ಒತ್ತು ಕೊಡದೆ ಸುಮ್ಮನೆ ಓದಿಬಿಟ್ಟಿದ್ದಳು. ಅದು ಕೂಡ ಅಕ್ಕಯಮ್ಮನ ಕಿವಿಗೆ ಚುಚ್ಚಿತು. ಬೇಡ ಅಂದವಳು ತಾನೇ, ಆದರೂ ಇನ್ನೊಂದು ಸಲ ಕೇಳಬಾರದಿತ್ತೇ ಅವನು?

ಇಷ್ಟಾದರೂ ಸಹಿಸಬಹುದಿತ್ತು. ಆದರೆ ಫ್ಲೆಕ್ಸು ಬಂತು. ಮೇಷ್ಟ್ರು ಹಳೇ ಫೋಟೋಗಳಲ್ಲೆಲ್ಲ ಚೆನ್ನಾಗಿರುವುದನ್ನು ಆರಿಸಿ, ಗೋಡೆಯಷ್ಟು ದೊಡ್ಡದು ಮಾಡಿಸಿ, ಸೂಲಿಬೆಲೆ ಬಸ್ ಸ್ಟ್ಯಾಂಡಿನಲ್ಲಿ ಕಟ್ಟಿಸಿದ್ದರು. ಅಕ್ಕಯಮ್ಮ ಅದನ್ನು ನೋಡಿದ್ದು ಮೆಡಿಕಲ್ ಶಾಪಿಗೆ ಹೋದಾಗ. ತಲೆ ಎತ್ತಿದರೆ ಗಂಡ. ಗುಂಗುರು ಕೂದಲು, ಕಾಡಿಗೆ ತೀಡಿದ ಕಣ್ಣು. ಅವನ ಕೈಯಲ್ಲಿ ಶಶಿರೇಖಾಳ ಕೈ. ಅವಳ ಮೈಮೇಲೆ ಅಕ್ಕಯಮ್ಮನ ಧಾರೆ ಸೀರೆ. ಕೆಳಗೆ ದೊಡ್ಡ ಅಕ್ಷರದಲ್ಲಿ 'ಮರೆಯಲಾಗದ ಜೋಡಿ'.

ಮರುದಿನ ಡೈರಿಯ ಸಾಲಿನಲ್ಲಿ ಪಾಪಮ್ಮ ಹಿಂದಿನಿಂದ ತಿವಿದಳು. "ಏನಕ್ಕಯಮ್ಮ, ನಿನ್ ಸವತಿ ಬಸ್ ಸ್ಟ್ಯಾಂಡ್‌ನಾಗೆ ನಿಂತವಳಲ್ಲ! ಮಳೆಗೆ ನೆನೀತವಳೆ, ಒಂದು ಕೊಡೆ ಹಿಡಿ ಹೋಗು."

ಸಾಲಿನ ಹೆಂಗಸರೆಲ್ಲ ನಕ್ಕರು. ಅಕ್ಕಯಮ್ಮನೂ ನಕ್ಕಳು. ನಗದಿದ್ದರೆ ಇನ್ನೂ ನಗುತ್ತಾರೆ ಅಂತ ಅವಳಿಗೆ ಗೊತ್ತಿತ್ತು. ಮನೆಗೆ ಬಂದವಳು ಖಾಲಿ ಕ್ಯಾನನ್ನು ಅಂಗಳಕ್ಕೆ ಕುಕ್ಕಿದ ಸದ್ದಿಗೆ ಕೋಳಿಗಳೆಲ್ಲ ಚೆಲ್ಲಾಪಿಲ್ಲಿಯಾದವು.

"ನಾನು ಭಾನುವಾರ ಅನುಗೊಂಡನಹಳ್ಳಿಗೆ ಹೋಗ್ತೀನಿ. ತಂಗಿ ಮನೆಗೆ. ನಿನ್ ಫಂಕ್ಷನ್‌ಗೆ ಬರಕಾಗಲ್ಲ," ಅಂದಳು ಗಂಡನಿಗೆ.

ಗೋಪಾಲಪ್ಪ ಕನ್ನಡಿಯಿಂದ ತಿರುಗದೆಯೇ "ಹೋಗ್ಬಾ, ಪಾಪ, ಬಹಳ ದಿನ ಆಯ್ತಲ್ಲ" ಅಂದುಬಿಟ್ಟ.

ತಡೆದಿದ್ದರೆ ಹೋಗುತ್ತಿದ್ದಳೇನೋ. ಇಷ್ಟು ಸಲೀಸಾಗಿ ಕಳಿಸಿಕೊಡುತ್ತಾನೆ ಅಂದಮೇಲೆ ಅವಳು ಯಾಕೆ ಹೋಗುತ್ತಾಳೆ? ಶನಿವಾರ ಪೆಟ್ಟಿಗೆ ತೆಗೆದು, ತಳದಲ್ಲಿದ್ದ ಧಾರೆ ಸೀರೆ ಈಚೆ ಎಳೆದಳು. ನುಸಿಗುಳಿಗೆ ವಾಸನೆ ಹೋಗಲಿ ಅಂತ ಬಿಸಿಲಿಗೆ ಹಾಕಿದಳು. ಎಲ್ಲರೂ ಫ್ಲೆಕ್ಸು ನೋಡಿದ್ದಾರಲ್ಲ, ಸೀರೆ ಯಾರದು ಅನ್ನುವುದನ್ನೂ ನೋಡಲಿ.

ಭಾನುವಾರ ಸಂಜೆ ಸಮುದಾಯ ಭವನ ತುಂಬಿತ್ತು. ಗೋಡೆಯ ಉದ್ದಕ್ಕೂ ಫೋಟೋಗಳು. ಜನ ಬೆರಳಿಟ್ಟು ತೋರಿಸಿ, ಇವನು ನಮ್ಮಪ್ಪ, ಇವನು ಸತ್ತೋದ ಹಾರ್ಮೋನಿಯಂ ಮುನಿಸ್ವಾಮಿ, ನೋಡು ಎಷ್ಟು ಸಣ್ಣಗಿದ್ದ ಅಂತ ಮಾತಾಡಿಕೊಳ್ಳುತ್ತಿದ್ದರು. ಅಕ್ಕಯಮ್ಮ ಸೆರಗನ್ನು ಹರಡಿ ಹೊದ್ದು ಅವರ ನಡುವೆಯೇ ಓಡಾಡಿದಳು. ಯಾರೂ ಸೀರೆಯನ್ನು ಗುರುತಿಸಲಿಲ್ಲ. "ಏನು ಅಕ್ಕಯಮ್ಮ, ಹಳೇ ರೇಷ್ಮೆ ಉಟ್ಟಿದ್ದೀಯ, ಚೆನ್ನಾಗೈತೆ" ಅಂದ ಪಾಪಮ್ಮನೂ ಅಷ್ಟಕ್ಕೇ ಬಿಟ್ಟಳು.

ಆಗ ಹೊರಗೆ ಕಾರು ನಿಂತಿತು. ಗೋಪಾಲಪ್ಪ ಎಲ್ಲರಿಗಿಂತ ಮುಂದೆ ಹೋಗಿ ನಿಂತಿದ್ದ. ಶರ್ಟಿನ ಕಾಲರನ್ನು ಸರಿಮಾಡಿಕೊಳ್ಳುತ್ತಿದ್ದ, ಮತ್ತೆ ಮತ್ತೆ. ಅಕ್ಕಯಮ್ಮ ಬಾಗಿಲಿನ ಪಕ್ಕದ ಕಂಬಕ್ಕೆ ಒರಗಿದಳು. ಮನಸ್ಸಿನಲ್ಲಿ ಅವಳು ಎಷ್ಟೋ ರೀತಿ ಕಲ್ಪಿಸಿಕೊಂಡಿದ್ದಳು. ಬಣ್ಣ ಹಚ್ಚಿದ ತುಟಿ, ತೋಳಿಲ್ಲದ ರವಿಕೆ, ಬೆಂಗಳೂರಿನ ಸೆಂಟಿನ ವಾಸನೆ. ಕಾರಿನಿಂದ ಇಳಿದದ್ದು ಒಂದು ಗಿಡ್ಡ ಮುದುಕಿ. ಮೊಳಕಾಲಿಗೆ ಪಟ್ಟಿ, ದಪ್ಪ ಕನ್ನಡಕ, ಕಾಟನ್ ಸೀರೆ. ಮೇಷ್ಟ್ರು ಕೈ ಹಿಡಿದು ಮೆಟ್ಟಿಲು ಹತ್ತಿಸಿದರು.

ಗೋಪಾಲಪ್ಪ ಕೈ ಮುಗಿದ. "ಬನ್ನಿ, ಬನ್ನಿ. ಗುರ್ತು ಸಿಕ್ತಾ?"

ಶಶಿರೇಖಾ ಕನ್ನಡಕ ಸರಿಮಾಡಿಕೊಂಡು ಅವನನ್ನು ನೋಡಿದಳು. "ಯಾರಪ್ಪಾ?"

ಧ್ವನಿ ಮಾತ್ರ ಹಾಗೇ ಇತ್ತು, ಸ್ವಲ್ಪವೂ ಮಾಸಿರಲಿಲ್ಲ.

"ಅಮ್ಮಾ, ಇವ್ರೇ ಗೋಪಾಲಪ್ಪನವ್ರು," ಮೇಷ್ಟ್ರು ನಡುವೆ ಬಂದರು. "ನಿಮ್ ಹೀರೋ. 'ಅರಿಶಿನದ ಅಂಗಳ'ದಾಗೆ ನೀವಿಬ್ರೇ ತಾನೇ!"

"ಹೌದಾ? ಓ, ಹೌದೌದು," ಅಂದಳು ಶಶಿರೇಖಾ. ನೆನಪು ಬಾರದವರು ಮರ್ಯಾದೆಗೆ ನಗುವ ನಗು ಅದು. "ನೀವು ಆ ಇನ್ಸ್‌ಪೆಕ್ಟರ್ ಪಾರ್ಟು ಮಾಡ್ತಿದ್ರಲ್ಲ, ಅವ್ರಾ? ದೊಡ್ಡಬೆಳವಂಗಲದಾಗೆ ಸ್ಟೇಜ್ ಮುರಿದು ಬಿದ್ದಾಗ…"

"ಅದು ನಾನಲ್ಲ," ಅಂದ ಗೋಪಾಲಪ್ಪ.

"ಬೇಜಾರಾಗ್ಬೇಡಿ ಅಪ್ಪಾ. ಎಷ್ಟು ಊರು, ಎಷ್ಟು ಜನ ಹೀರೋಗಳು. ಎಲ್ಲಾ ಒಂದಾಗ್ಬಿಟ್ಟವೆ ತಲೇಲಿ."

ಅಕ್ಕಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಮೊದಲು ಬಂದದ್ದು ಖುಷಿ. ಸುಟ್ಟ ಬೆರಳನ್ನು ತಣ್ಣೀರಿಗೆ ಅದ್ದಿದಂಥ ಖುಷಿ. ಅವಳಿಗೆ ಇವನ ನೆನಪೇ ಇಲ್ಲ! ಆಮೇಲೆ ಗಂಡನ ಕೈ ಕಾಲರಿನಿಂದ ಕೆಳಗೆ ಇಳಿಯುವುದು ಕಂಡಿತು. ಬಣ್ಣ ಹಾಕಿದ ಮೀಸೆಯ ಕೆಳಗೆ ತುಟಿ ಸ್ವಲ್ಪ ತೆರೆದುಕೊಂಡೇ ಇತ್ತು. ಖುಷಿ ಎಲ್ಲಿ ಹೋಯಿತೋ ಹೋಯಿತು, ಸಿಟ್ಟು ನೆತ್ತಿಗೇರಿತು. ಹೇಗೆ ಮರೆತಳು ಇವಳು? ಗುಂಗುರು ಕೂದಲಿನ ಈ ಗಂಡಸನ್ನು, ಊರೆಲ್ಲ ಸೀಟಿ ಹೊಡೆದದ್ದನ್ನು ಹೇಗೆ ಮರೆತಳು? ಇವಳಿಗೆ ಯಾರೂ ಅಲ್ಲದವನ ಸಲುವಾಗಿ ತಾನು ಅಷ್ಟು ವರ್ಷ ಹೊಟ್ಟೆ ಉರಿಸಿಕೊಂಡೆನೆ? ತನ್ನ ಹೊಟ್ಟೆಕಿಚ್ಚಿಗೇ ಯಾರೋ ಅವಮಾನ ಮಾಡಿದ ಹಾಗೆ ಅವಳು ಕುದಿದುಹೋದಳು.

ಅವಳು ನೇರ ಎದುರಿಗೆ ಹೋಗಿ ನಿಂತಳು. "ಇವ್ರ ಮನೇಲೇ ನೀನು ಉಳ್ಕೊತಿದ್ದಿದ್ದು. ಅನ್ನ ತಿಂದ ಮನೇನೂ ಮರೆತೋಯ್ತಾ?"

ಗದರಿಸುವ ದನಿಯಲ್ಲೇ ಕೇಳಿದ್ದಳು. ಮೇಷ್ಟ್ರು ಗಾಬರಿಯಾದರು. ಶಶಿರೇಖಾ ಮಾತ್ರ ಆ ದನಿ ಬಂದ ಕಡೆ ಮುಖವೆತ್ತಿ ಹತ್ತಿರ ಬಂದಳು. ಕನ್ನಡಕದ ಹಿಂದೆ ಕಣ್ಣು ಅಗಲವಾಯಿತು.

"ಅಕ್ಕಯಮ್ಮ! ರೇಷ್ಮೆಹುಳದ ಮನೆ ಅಕ್ಕಯಮ್ಮ ಅಲ್ವಾ ನೀನು?"

ಶಶಿರೇಖಾ ಅವಳ ಎರಡೂ ಕೈ ಹಿಡಿದುಕೊಂಡಿದ್ದಳು.

"ಬದುಕಿದ್ದೀಯಲ್ಲ ತಾಯಿ! ಈ ಊರಿನ ಹೆಸರು ಕೇಳ್ದಾಗಲೇ ಅಂದ್ಕೊಂಡೆ, ಆ ಅವರೆಕಾಳು ಸಾರಿನ ಅಕ್ಕ ಇದೇ ಊರಲ್ವಾ ಅಂತ. ನಿನ್ನ ನೋಡೋಕೇ ಬಂದೆ ಅಂದ್ಕೋ."

ಗೋಪಾಲಪ್ಪ ಒಮ್ಮೆ ಹೆಂಡತಿಯ ಮುಖ, ಒಮ್ಮೆ ಶಶಿರೇಖಾಳ ಮುಖ ನೋಡಿದ. ಮೇಷ್ಟ್ರು ಅವನನ್ನು ಮೇಕಪ್ಪಿಗೆ ಅಂತ ಎಳೆದುಕೊಂಡು ಹೋದರು. ಹೋಗುವಾಗಲೂ ತಿರುಗಿ ತಿರುಗಿ ನೋಡುತ್ತಿದ್ದ.

ಹಿಂದಿನ ಕೋಣೆಯಲ್ಲಿ ಹೆಂಗಸರಿಬ್ಬರೇ ಉಳಿದರು. ಶಶಿರೇಖಾಳಿಗೆ ಮುಖಕ್ಕೆ ಬಣ್ಣ ಹಚ್ಚಿಸಿಕೊಳ್ಳುವುದು ಬೇಕಿರಲಿಲ್ಲ. ಕುಂಕುಮ ಮಾತ್ರ ಸಾಕು ಅಂದಳು. ಕುರ್ಚಿಯಲ್ಲಿ ಕಾಲು ಚಾಚಿ ಕೂತು ಮಾತಿಗೆ ತೊಡಗಿದಳು.

"ಆ ಕಾಲದಾಗೆ ನಮ್ಮ ಬಾಳು ಹೆಂಗಿತ್ತು ಅಂತ ನಿಂಗೇನು ಗೊತ್ತು. ಸ್ಟೇಜ್ ಮೇಲೆ ಅಮ್ಮಾ ತಾಯಿ ಅಂದೋರೇ ನಾಟಕ ಮುಗಿದ್ಮೇಲೆ ಬಾಗಿಲು ತಟ್ಟೋರು. ಒಂದೊಂದು ಊರಲ್ಲಿ ಟ್ರಂಕನ್ನ ಬಾಗಿಲಿಗೆ ಅಡ್ಡ ಇಟ್ಟು ಅದ್ರ ಮೇಲೇ ಕೂತು ಬೆಳಗು ಮಾಡಿದ್ದೀನಿ. ನಿನ್ ಮನೇಲಿ ಮಾತ್ರ ಕಣ್ತುಂಬ ನಿದ್ದೆ. ನೀನು ಬಾಗಿಲಾಚೆ ಚಾಪೆ ಹಾಸ್ಕೊಂಡು ಮಲಗ್ತಿದ್ದೆಯಲ್ಲ."

ಅಕ್ಕಯಮ್ಮ ಸುಮ್ಮನಿದ್ದು ಆ ಪುಣ್ಯವನ್ನು ಉಡಿಗೆ ಹಾಕಿಕೊಂಡುಬಿಡಬಹುದಿತ್ತು. ಆದರೆ ಅಷ್ಟು ವರ್ಷ ಒಳಗೇ ಕೂತಿದ್ದದ್ದು ಬಾಯಿಂದ ತಾನಾಗಿ ಹೊರಬಿತ್ತು.

"ನಿನ್ನ ಕಾಯೋಕೆ ಮಲಗ್ತಿರ್ಲಿಲ್ಲ ಕಣೆ. ನನ್ ಗಂಡನ್ನ ಕಾಯ್ಕೊಳ್ಳಕ್ಕೆ ಮಲಗ್ತಿದ್ದೆ. ನಿನ್ ಕಂಡ್ರೆ ನಂಗೆ ಆಗ್ತಿರ್ಲಿಲ್ಲ. ಈಗ್ಲೂ ಅಷ್ಟೇ."

ಶಶಿರೇಖಾ ತಲೆ ಹಿಂದಕ್ಕೆ ಬಾಗಿಸಿ ನಕ್ಕಳು. ಊಟಕ್ಕೆ ಕೂತಾಗ ನಗುತ್ತಿದ್ದ ಅದೇ ನಗು.

"ಅಯ್ಯೋ, ಅದು ನಂಗೆ ಗೊತ್ತಿರ್ಲಿಲ್ಲ ಅಂದ್ಕೊಂಡಾ? ನೀನು ಸಾರು ಬಡ್ಸೋವಾಗ ಸೌಟು ಹಿಡಿದ ರೀತಿ ನೋಡಿದ್ರೇ ಗೊತ್ತಾಗ್ತಿತ್ತು. ಯಾರ ಸಲುವಾಗಿ ಮಲಗಿದ್ರೆ ನಂಗೇನು? ಬಾಗಿಲಿಗೆ ಒಬ್ಳು ಇದ್ಲಲ್ಲ, ಸಾಕಿತ್ತು. ಹೊಟ್ಟೆಕಿಚ್ಚಿನ ಹೆಂಗಸ್ರು ಇರೋ ಮನೇನೇ ನಾನು ಹುಡ್ಕ್ತಿದ್ದೆ. ದೇವರಂಥ ಹೆಂಗಸ್ರು ಮಲಗಿದ್ರೆ ಎದ್ದೇಳ್ತಿರ್ಲಿಲ್ಲ."

ಅಕ್ಕಯಮ್ಮನಿಗೆ ನಗಬೇಕೋ ಬೈಯಬೇಕೋ ತಿಳಿಯಲಿಲ್ಲ. ಎರಡೂ ಅಲ್ಲದ ಒಂದು ಸದ್ದು ಬಾಯಿಂದ ಬಂತು. ಆಮೇಲೆ ನಗುವೇ ಬಂತು. ಒಳಗೆ ಇಣುಕಿದ ಮಾನಸ ಅತ್ತೆ ಯಾರ ಜೊತೆ ಹೀಗೆ ನಗುತ್ತಿದ್ದಾಳೆ ಅಂತ ಬೆರಗಾಗಿ ನಿಂತಳು.

"ಲೈನು ಜ್ಞಾಪಕ ಐತಾ ನಿಂಗೆ?" ಕಣ್ಣೊರೆಸಿಕೊಳ್ಳುತ್ತ ಅಕ್ಕಯಮ್ಮ ಕೇಳಿದಳು.

"ಮನುಷ್ಯರು ಮರ್ತೋಗ್ತಾರೆ. ಲೈನು ಎಲ್ಲೋಗ್ತದೆ?"

ಅದು ನಿಜವಾಗಿತ್ತು. ಪರದೆ ಸರಿದಾಗ ಶಶಿರೇಖಾ ಒಂದು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಆ ಕುರ್ಚಿಯೇ ಹೊಸಿಲು. ಗೋಪಾಲಪ್ಪ ಎದುರಿಗೆ ಬಂದ. ತಲೆ ತಗ್ಗಿಸಿದ್ದ, ಶರ್ಟಿನ ಠೀವಿ ಎಲ್ಲ ಇಳಿದಿತ್ತು. ಆಗ ಅವಳು ಮುಖವೆತ್ತಿದಳು. ಒಂದು ಗಂಟೆಯ ಹಿಂದೆ ಗುರುತೇ ಸಿಗದಿದ್ದ ಆ ಗಂಡಸನ್ನು ಜನ್ಮವಿಡೀ ಜೊತೆಗೆ ಬಾಳಿದವಳ ಹಾಗೆ ನೋಡಿದಳು.

"ಹೋಗುವುದಾದರೆ ಬಾಗಿಲು ಎಳೆದುಕೊಂಡು ಹೋಗಿ."

ಸಾಲಿನಲ್ಲಿ ಕೂತ ಅಕ್ಕಯಮ್ಮನ ತುಟಿ ತಾನಾಗಿ ಅಲುಗಿತು. ಎದುರಿಗಿರುವುದು ಸುಳ್ಳು ಅಂತ ಅವಳಿಗೆ ಗೊತ್ತು. ಈ ಹೆಂಗಸು ನೂರಾರು ಊರುಗಳಲ್ಲಿ ನೂರಾರು ಜನರನ್ನು ಹೀಗೇ ನೋಡಿದ್ದಾಳೆ ಅಂತಲೂ ಈಗ ಗೊತ್ತು. ಗೊತ್ತಿದ್ದೂ ಏನಾಯಿತು? ಗೋಪಾಲಪ್ಪ ಮುಖವೆತ್ತಿ, ಕಣ್ಣು ತುಂಬಿಕೊಂಡು, "ಬೆನ್ನು ನೋಡಬೇಡ" ಅಂದಾಗ ಹೊಟ್ಟೆಯೊಳಗಿನ ಆ ಹಳೇ ಉರಿ ಹಾಗೇ ಎದ್ದಿತು, ಇಪ್ಪತ್ತೆರಡರ ಪ್ರಾಯದಲ್ಲಿ ಎದ್ದ ಹಾಗೆಯೇ. ಅವಳು ಸೆರಗು ಬಿಗಿಯಾಗಿ ಸುತ್ತಿಕೊಂಡಳು. ಎದ್ದು ಹೋಗಲಿಲ್ಲ. ಅವನು ಹಿಂದೆ ಹಿಂದೆ ಹೆಜ್ಜೆ ಇಡುತ್ತ ರಂಗದ ಅಂಚಿಗೆ ಬರುವಾಗ ಬೀಳುತ್ತಾನೇನೋ ಅಂತ ಉಸಿರು ಹಿಡಿದಳು. ಬೀಳಲಿಲ್ಲ. ಮರೆಗೆ ಸರಿಯುವ ತನಕ ಮುಖ ತಿರುಗಿಸಲೂ ಇಲ್ಲ. ಅವತ್ತಿನ ಅವನ ಅಳು ಬರೀ ನಾಟಕದ್ದಲ್ಲ ಅನ್ನುವುದು ಆ ಭವನದಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಪಾಪಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಶಾಲು, ಹಾರ, ಭಾಷಣ ಎಲ್ಲ ಮುಗಿದ ಮೇಲೆ ಶಶಿರೇಖಾ ವಾಪಸ್ಸು ಹೊರಡುವ ಮುಂಚೆ ಅಕ್ಕಯಮ್ಮನ ಮನೆಗೆ ಹೋಗಲೇಬೇಕು ಅಂತ ಹಟ ಹಿಡಿದಳು. ಕಾಫಿ ಕುಡಿಯುತ್ತ ಇಬ್ಬರೂ ನಡುಮನೆಯ ಸೋಫಾದಲ್ಲಿ ಪಕ್ಕಪಕ್ಕ ಕೂತರು. ಸೊಸೆಯರ ಕೆಲಸ, ಕಣ್ಣಿನ ಪೊರೆ ಆಪರೇಶನ್ನು, ಶುಗರ್ರಿಗೆ ರಾಗಿ ಒಳ್ಳೇದೋ ಅಲ್ಲವೋ, ಸತ್ತ ಅತ್ತೆಯ ನಡವಳಿಕೆ, ಹೀಗೆ ಮಾತು ಎಲ್ಲಿಂದೆಲ್ಲಿಗೋ ಹರಿಯಿತು. ಮುಖದ ಬಣ್ಣ ತೊಳೆದುಕೊಂಡು ಬಂದ ಗೋಪಾಲಪ್ಪ ಬಾಗಿಲಲ್ಲಿ ನಿಂತ. ಕೂರಲು ಹೇಳುವವರಿಲ್ಲ. ಒಂದು ಸಲ ಕೆಮ್ಮಿದ.

"'ಮೂರನೇ ಬಾಗಿಲು' ಮಾಡಿದ ವರ್ಷ ಮೈಕು ಕೆಟ್ಟೋಗಿತ್ತು, ಜ್ಞಾಪಕ ಐತಾ?" ಅಂದ. "ನಾನು ಮೈಕಿಲ್ದೇನೇ ಪೂರ್ತಿ ನಾಟಕ ಎತ್ಕೊಂಡೋದೆ."

"ಹೌದಾ ಅಪ್ಪಾ," ಅಂದು ಶಶಿರೇಖಾ ಅಕ್ಕಯಮ್ಮನ ಕಡೆ ತಿರುಗಿ, "ಅಲ್ಲ, ಆ ಸಾರಿಗೆ ಹಿಸುಕಿದ ಬೇಳೆ ಹಾಕ್ತಿದ್ಯಾ, ಇಡೀ ಕಾಳಾ?" ಅಂತ ಕೇಳಿದಳು.

ಕಾರು ಬೀದಿ ತಿರುಗಿ ಹೋದ ಮೇಲೂ ಗೋಪಾಲಪ್ಪ ಅಂಗಳದಲ್ಲೇ ಇದ್ದ. ಅಕ್ಕಯಮ್ಮ ಲೋಟ ತೆಗೆಯುತ್ತಿದ್ದಳು.

"ನಿನ್ ಹೆಸ್ರು ಹೆಂಗೆ ಜ್ಞಾಪಕ ಇಟ್ಕೊಂಡವಳೆ ಅಂತೀನಿ," ಅಂದ.

"ಊಟಕ್ಕಿಕ್ಕಿದ್ದೆ."

"ಅಷ್ಟೊತ್ತು ಒಳಗೆ ಕೂತು ನಗ್ತಿದ್ರಲ್ಲ, ಏನ್ ಮಾತಾಡ್ಕೊಂಡ್ರಿ?"

"ಹೆಂಗಸ್ರು ಏನೋ ಮಾತಾಡ್ಕೊತಾರೆ. ನಿಂಗ್ಯಾಕೆ?"

ಅವನು ಒಂದು ಲೋಟ ಎತ್ತಿ ಅವಳ ಕೈಗೆ ಕೊಟ್ಟ. "ನನ್ ವಿಷ್ಯ ಏನಾದ್ರೂ ಅಂದ್ಲಾ?"

ಒಂದು ಸುಳ್ಳು ಹೇಳಿದ್ದರೆ ಆಗುತ್ತಿತ್ತು. 'ನಿಮ್ಮಂಥ ಹೀರೋ ಇಲ್ಲ ಅಂದ್ಲು' ಅಂದಿದ್ದರೆ ಆ ಮುಖ ಅರಳುತ್ತಿತ್ತು. ಅಕ್ಕಯಮ್ಮ ಬಾಯಿ ತೆರೆದಳು ಕೂಡ. ಆದರೆ ಆ ಮುಖ ಆ ಹೆಂಗಸಿನ ಹೆಸರಿಗೆ ಇನ್ನೊಂದು ಸಲ ಅರಳುವುದನ್ನು ನೋಡುವುದು ಅವಳ ಕೈಲಾಗದ ಕೆಲಸವಾಗಿತ್ತು.

"ಇಲ್ಲ," ಅಂದಳು. "ಏನೂ ಅನ್ಲಿಲ್ಲ."

ಗೋಪಾಲಪ್ಪ ತಲೆ ಆಡಿಸಿ ಕೊಟ್ಟಿಗೆ ಕಡೆ ತಿರುಗಿದ. ಹಸುಗಳಿಗೆ ಹುಲ್ಲು ಹಾಕುವುದಿತ್ತು.

"ನಾನು ಹೇಳ್ತೀನಿ," ಅಂದಳು ಅಕ್ಕಯಮ್ಮ ಹಿಂದಿನಿಂದ. "ಚೆನ್ನಾಗಿ ಮಾಡ್ದೆ ಇವತ್ತು."

ಅವನು ನಿಂತ. ತಿರುಗಿ ಬಂದ. "ಎಲ್ಲಿ? ಯಾವ ಜಾಗದಾಗೆ ಚೆನ್ನಾಗಿತ್ತು?"

"ಎಲ್ಲಾ ಚೆನ್ನಾಗಿತ್ತು, ಹೋಗು."

"ಎಲ್ಲಾ ಅಂದ್ರೆ ಹೆಂಗೆ? 'ಬೆನ್ನು ನೋಡಬೇಡ' ಅಂತ ನಿಲ್ಸಿದ್ನಲ್ಲ, ಅಲ್ಲೇನಾ? ಇಲ್ಲಾ ಅಂಚಿಗೆ ಹೋದಾಗ್ಲಾ?"

ಅವಳು ಹುಲ್ಲಿನ ಹೊರೆ ಎತ್ತಿಕೊಂಡು ಕೊಟ್ಟಿಗೆಗೆ ನಡೆದಳು. ಅವನು ಬಿಡಲಿಲ್ಲ. ಹೊರೆಯ ಇನ್ನೊಂದು ತುದಿಗೆ ಕೈ ಕೊಟ್ಟು, ದನಿ ಎಲ್ಲಿ ಏರಿತು, ಎಲ್ಲಿ ಇಳಿಯಿತು ಅಂತ ಕೇಳುತ್ತಲೇ ಅವಳ ಹಿಂದೆ ಬಂದ.